ದೂರದ ರೇಡಿಯೋ ಕೇಂದ್ರವನ್ನು ಗುರುತಿಸುವ ಬಗೆ

ನಮ್ಮ ಬೇಲಾಪುರದ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕೆಲವರು ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೋ ತಿರುಗಿಸುವವರಿದ್ದಾರೆ. "ಯಾವುದೋ ಪರದೇಶದ ಸ್ಟೇಶನ್ನು ಸಿಕ್ಕಿತು, ಯಾವುದೆಂದು ತಿಳಿಯಲಿಲ್ಲ" ಎಂದು ಅವರು ಹೇಳುವುದುಂಟು. ಅಂಥವರಿಗಾಗಿ ನಾವು ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲನೆಯದಾಗಿ, ಭಾಷೆಯನ್ನು ಕೇಳಿ ದೇಶವನ್ನು ನಿರ್ಧರಿಸಬಾರದು. 1952ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ದೂರವಾದಾಗ ಜನ ಅವನ್ನು ರೇಡಿಯೋ ಸಿಲೋನಿನಲ್ಲಿ ಕೇಳಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮುಂಬಯಿಯಲ್ಲಿ ಧ್ವನಿಮುದ್ರಣವಾಗಿ ಕೊಲಂಬೋಕ್ಕೆ ಹೋಗಿ, ಅಲ್ಲಿಂದ ಅಲೆಯ ಮೇಲೆ ಮರಳಿ ಮುಂಬಯಿಗೆ ಬರುತ್ತಿತ್ತು! ದನಿ ನಮ್ಮೂರಿನದು, ಕೇಂದ್ರ ಮಾತ್ರ ಸಮುದ್ರದಾಚೆಯದು. ಹಾಗೆಯೇ ಲಂಡನ್ನಿನ ಬಿಬಿಸಿ ಒಮಾನಿನ ಮಸೀರಾ ದ್ವೀಪದಿಂದ ಎಷ್ಟೋ ವರ್ಷ ಮರುಪ್ರಸಾರ ಮಾಡಿತು.

ಎರಡನೆಯದು ಗಡಿಯಾರ. ಪರದೇಶದ ಕೇಂದ್ರಗಳು ಬಹಳವಾಗಿ ಗ್ರೀನಿಚ್ ಕಾಲವನ್ನು ಅನುಸರಿಸುತ್ತವೆ. ಗಂಟೆಯ ಆರಂಭದಲ್ಲಿ ತಮ್ಮ ಹೆಸರು ಹೇಳುತ್ತವೆ. ನಮ್ಮ ಕಾಲ ಐದೂವರೆ ಗಂಟೆ ಮುಂದಿರುವುದರಿಂದ ಅವರ ಮೂರು ಗಂಟೆ ನಮಗೆ ರಾತ್ರಿ 8-30. ಆದುದರಿಂದ 8-25ರಿಂದ 8-35ರವರೆಗೆ ಮುಳ್ಳನ್ನು ಕದಲಿಸದೆ ಕುಳಿತುಕೊಳ್ಳಿರಿ. ಈ ಹತ್ತು ನಿಮಿಷದ ತಾಳ್ಮೆ ಗಂಟೆಗಟ್ಟಲೆ ತಿರುಗಿಸುವುದಕ್ಕಿಂತ ಮೇಲು.

ಮೂರನೆಯದು ಅಲೆಯ ಉದ್ದ. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಮೀಟರು ದೊರೆಯುತ್ತದೆ, 9.6 ಮೆಗಾಹರ್ಟ್ಸ್ ಎಂದರೆ ಸುಮಾರು 31 ಮೀಟರು. ಆಕಾಶದ ಮೇಲ್ಪದರದಿಂದ ಅಲೆಗಳು ಬಾಗಿ ಭೂಮಿಗೆ ಮರಳುವುದರಿಂದ ದೂರದ ದನಿ ನಮಗೆ ಮುಟ್ಟುತ್ತದೆ. ಹಗಲು ಬಿಸಿಲಿನಿಂದ ಉಂಟಾಗುವ ಕೆಳಪದರವು ಉದ್ದದ ಅಲೆಗಳನ್ನು ಹೀರಿಕೊಳ್ಳುತ್ತದೆ. ರಾತ್ರಿ ಅದು ಕರಗುತ್ತದೆ. ಆದ್ದರಿಂದ ಹಗಲಿಗೆ 16, 19 ಮೀಟರು, ರಾತ್ರಿಗೆ 31, 41, 49 ಮೀಟರು ಹೆಚ್ಚು ಫಲಕಾರಿ. ಹಗಲು ಹೊತ್ತಿನಲ್ಲಿ 49 ಮೀಟರಿನಲ್ಲಿ ಜೋರಾಗಿ ಕೇಳುವ ಕೇಂದ್ರವು ಬಹುಶಃ ಅಷ್ಟು ದೂರದ್ದಲ್ಲ.

ನಾಲ್ಕನೆಯದು ಆರಂಭದ ರಾಗ. ಆಕಾಶವಾಣಿಯ ರಾಗವನ್ನು ಪ್ರಾಗ್‌ನಿಂದ ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್ಮನ್ ರಚಿಸಿದರು. ರೇಡಿಯೋ ಆಸ್ಟ್ರೇಲಿಯಾ ನಗುವಂತೆ ಕೂಗುವ ಕೂಕಬರ ಹಕ್ಕಿಯ ದನಿಯನ್ನು ಗುರುತಾಗಿಟ್ಟುಕೊಂಡಿತ್ತು. ಅದರ ಶಾರ್ಟ್‌ವೇವ್ ಪ್ರಸಾರ 2017ರ ಜನವರಿ 31ಕ್ಕೆ ನಿಂತಿತು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರವೂ 2020ರಲ್ಲಿ ನಿಂತಿತು. ಹೀಗೆ ಒಂದೊಂದಾಗಿ ದನಿಗಳು ಅಡಗುತ್ತಿರುವಾಗ, ಉಳಿದವನ್ನು ಸರಿಯಾಗಿ ಗುರುತಿಸುವುದು ಹೆಚ್ಚು ಅಗತ್ಯ. ವೇಳಾಪಟ್ಟಿಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತವೆಂಬುದನ್ನೂ ಮರೆಯಬಾರದು.

ಕೇಳಿದ ವರದಿಯನ್ನು ಬರೆದು ಕಳುಹಿಸಿದರೆ ಅನೇಕ ಕೇಂದ್ರಗಳು ಒಪ್ಪಿಗೆಯ ಚಿತ್ರಕಾರ್ಡನ್ನು ಕಳುಹಿಸುತ್ತವೆ. ಆ ಕಾರ್ಡಿನ ಆಸೆಯಿಂದ ನಾವೊಮ್ಮೆ ಅರ್ಧ ಕೇಳಿ, ಉಳಿದರ್ಧವನ್ನು ಊಹೆಯಿಂದ ತುಂಬಿ ಬರೆದೆವು. "ತಾವು ಬರೆದ ಕಾರ್ಯಕ್ರಮ ಆ ರಾತ್ರಿ ಪ್ರಸಾರವಾಗಿರಲಿಲ್ಲ" ಎಂದು ವಿನಯದ ಉತ್ತರ ಬಂತು. ಕಾರ್ಡು ಬರಲಿಲ್ಲ. ನಾಚಿಕೆಯಾಯಿತು, ಬುದ್ಧಿಯೂ ಬಂತು.

ದೀಪ, ಚಾರ್ಜರುಗಳ ಗರಗರ ಸದ್ದು ಹೆಚ್ಚಾದರೆ ರೇಡಿಯೋವನ್ನು ಬ್ಯಾಟರಿಯ ಮೇಲೆ ಹಚ್ಚಿ, ಕಟ್ಟಡಗಳಿಂದ ದೂರ ಖಾಡಿಯ ಕಡೆಗೆ ಹೋಗಿ ನೋಡಿರಿ. ತಾರೀಖು, ವೇಳೆ, ಮೀಟರು, ಕಿವಿಗೆ ಬಿದ್ದ ಮಾತು ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಿರಿ. ಹೆಸರು ಕೇಳಿಸದಿದ್ದರೆ ಆ ಜಾಗವನ್ನು ಖಾಲಿ ಬಿಡಿರಿ. ಖಾಲಿ ಜಾಗವನ್ನು ನಾಳೆ ತುಂಬಬಹುದು. ತಪ್ಪು ಹೆಸರನ್ನು ಬರೆದ ಮೇಲೆ ಹುಡುಕುವುದೇ ನಿಂತುಹೋಗುತ್ತದೆ.