ಅಜ್ಜನ ಕೋವಿಗೆ ರೇಟು ಕಟ್ಟುವ ಮುನ್ನ ಕಾಗದ ನೋಡಿ!

ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳ ನಡುವೆ ಜೋಡುನಳಿಗೆ ಕೋವಿಯೊಂದರ ವ್ಯಾಪಾರ ಕುದುರಿತ್ತು. ಮಾರುವವನಿಗೆ ಲೈಸೆನ್ಸೇ ಇಲ್ಲ. ಕೊಳ್ಳುವವನಿಗೆ ಲೈಸೆನ್ಸ್ ಇದೆ, ಅದರಲ್ಲಿ ಈ ಕೋವಿಯ ನಂಬರ್ ಇಲ್ಲ. ನಂಬರ್ ಇದ್ದದ್ದು ದೊಡ್ಡಪ್ಪನ ಲೈಸೆನ್ಸಿನಲ್ಲಿ. ಅವರು ತೀರಿಕೊಂಡು ಐದು ತಿಂಗಳು. ಆದರೂ ಇಪ್ಪತ್ತು ಸಾವಿರ ಅಡ್ವಾನ್ಸ್ ಕೈ ಬದಲಾಯಿತು. ಕೋವಿ ಗೋಣಿಚೀಲದೊಳಗೆ ಸೇರಿ ಜೀಪಿನ ತನಕ ಬಂತು.

ತಡೆದವರು ಪಕ್ಕದ ಮನೆಯ ನಿವೃತ್ತ ಹೆಡ್ ಕಾನ್ಸ್‌ಟೇಬಲ್. "ಏನ್ರಪ್ಪಾ, ಇದೇನು ನಿಮ್ಮ ದೊಡ್ಡಪ್ಪನ ಕೊಡೆಯಾ, ಕಂಕುಳಲ್ಲಿ ಇಟ್ಕೊಂಡು ಹೋಗೋಕೆ?" ಎಂದರಂತೆ. ಹುಡುಗರ ಉತ್ತರ ಒಂದೇ: "ಮನೆ ಕೋವಿ ಅಲ್ವಾ ಸಾರ್, ಮನೆಯೊಳಗೇ ಇರುತ್ತೆ."

ಈ 'ಮನೆ ಕೋವಿ' ಎಂಬ ಮಾತೇ ಮಲೆನಾಡಿನಲ್ಲಿ ಎಷ್ಟೋ ಮರ್ಯಾದಸ್ಥರನ್ನು ಠಾಣೆ ಮೆಟ್ಟಿಲು ಹತ್ತಿಸುತ್ತದೆ. ಲೈಸೆನ್ಸುದಾರ ಸತ್ತ ದಿನದಿಂದ ಆ ಕೋವಿ ಮನೆಯವರದ್ದಲ್ಲ ಎಂದಲ್ಲ, ಆಸ್ತಿ ವಾರಸುದಾರರದ್ದೇ. ಆದರೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಬೀರುವಿನಲ್ಲೇ ಇಟ್ಟುಕೊಂಡು ಕೂತರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಸುಮ್ಮನಿರುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಕೋವಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ, ಮೇಲೆ ದಂಡ. ಅಜ್ಜನದ್ದು ಎಂದು ಒಂದು ದಿನವೂ ಕಡಿಮೆಯಾಗುವುದಿಲ್ಲ.

ಈ ಕೋವಿಯ ಕತೆ ಕೇಳಿದರೆ ಹುಡುಗರ ಮೇಲೆ ಕೋಪ ಬರುವುದಿಲ್ಲ. ತೋಟ ಮಾರಿ ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬರಿಂದ ಅಜ್ಜ ಕೊಂಡದ್ದಂತೆ. ಮರದ ಹಿಡಿಯಲ್ಲಿ ಅಜ್ಜನ ಕೆನ್ನೆ ತಾಗುತ್ತಿದ್ದ ಜಾಗ ಸವೆದು ನುಣುಪಾಗಿದೆ. ಪ್ರತಿ ಆಯುಧಪೂಜೆಗೆ ಕತ್ತಿ, ಗುದ್ದಲಿ, ಜೀಪಿನ ಜೊತೆ ಅದಕ್ಕೂ ಕುಂಕುಮ, ಸೇವಂತಿಗೆ ಹೂವು. ಅಜ್ಜನ ನಂತರ ಅದು ದೊಡ್ಡಪ್ಪನ ಪಾಲಿಗೆ ಹೋಯಿತು. ದೊಡ್ಡಪ್ಪನ ಮಗ ಈಗ ಬೆಂಗಳೂರಿನ ಫ್ಲಾಟಿನಲ್ಲಿದ್ದಾನೆ, ಅವನಿಗೆ ಕೋವಿ ಬೇಡ. ಊರಲ್ಲಿ ದಿನಸಿ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗನಿಗೆ ಬೇಕು.

ಬೇಕು ಎಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತಂತೆ. ಅಲ್ಲೇ ಯಡವಟ್ಟಾದದ್ದು. ಅಂಗಡಿಯವನು ಮೂವತ್ತೈದು ಸಾವಿರಕ್ಕೆ ಕೇಳಿದ್ದ ಕೋವಿಗೆ ಬೆಂಗಳೂರು ಅಣ್ಣ ಒಂದು ಲಕ್ಷ ಹೇಳಿದ. "ಇಂಗ್ಲಿಷ್ ಮಾಲು ಕಣೋ, ಈಗೆಲ್ಲಿ ಸಿಗುತ್ತೆ?" ಎಂಬ ವಾದ. ವಾದ ಪೂರ್ತಿ ಸುಳ್ಳೂ ಅಲ್ಲ. ಕ್ರೀಡಾ ಶೂಟರುಗಳಂಥವರನ್ನು ಬಿಟ್ಟರೆ ಬೇರೆಯವರು ಹೊರದೇಶದ ಕೋವಿ ತರಿಸುವ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ಅಂದಿನಿಂದ ಹಳೆಯ ಬರ್ಮಿಂಗ್‌ಹ್ಯಾಂ ಕೋವಿಗಳಿಗೆ ಬೆಲೆ ಏರಿದೆ. ಆದರೆ ಹೆಸರಿಗೆ ಬೆಲೆ ಬರುವುದು ನಳಿಗೆ ಗಟ್ಟಿಯಿದ್ದರೆ ಮಾತ್ರ.

ನಳಿಗೆ ನೋಡುವ ಬಗೆ

ಕೋವಿ ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರು ತೋರಿಸಿಕೊಟ್ಟದ್ದು ಹೀಗೆ. ಯಾರು ಏನೇ ಹೇಳಲಿ, ಮೊದಲು ಮಡಚಿ ಖಾಲಿ ಇದೆಯೇ ನೋಡಬೇಕು. ಆಮೇಲೆ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಬೇಕು. ಒಳಗೆ ಬೆಳಕಿನ ಉಂಗುರಗಳು ಸಾಲಾಗಿ ಕಾಣಬೇಕು. ಸಿಡುಬಿನ ಕಲೆಯಂಥ ಗುಳಿ ಕಂಡರೆ ತುಕ್ಕು ತಿಂದಿದೆ. ಒಂದೇ ಕಡೆ ಕಪ್ಪು ಬಳೆಯಂಥ ನೆರಳು ಕಂಡರೆ ನಳಿಗೆ ಉಬ್ಬಿದೆ, ಕೈಮುಗಿದು ವಾಪಸು ಕೊಡಿ. ಜೋಡಿ ನಳಿಗೆಯನ್ನು ಒಂದು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಕಣಕಣ ಎನ್ನಬೇಕು. ಡಬ್ಬಾ ಸದ್ದು ಬಂದರೆ ಎರಡನ್ನೂ ಕೂಡಿಸಿದ ಬೆಸುಗೆ ಬಿಟ್ಟಿರಬಹುದು.

ನಳಿಗೆಯ ಮೇಲೆ ಹಾವಿನ ಪೊರೆಯಂಥ ಗೀರುಗೀರು ವಿನ್ಯಾಸವಿದ್ದರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿ ಹೊಸೆದು ಸುತ್ತಿ ಬೆಸೆದದ್ದು, ಕರಿಮದ್ದಿನ ಕಾಲದ್ದು. ನೋಡಲು ಬಲು ಚಂದ. ಅದಕ್ಕೆ ಇವತ್ತಿನ ತೋಟೆ ಹಾಕಿ ಕುದುರೆ ಎಳೆಯುವುದು ಎಡಗೈ ಮೇಲೆ ಆಸೆ ಇಲ್ಲದವರ ಕೆಲಸ.

ಇನ್ನೊಂದು ಸೂಕ್ಷ್ಮ ಉಂಟು, ತೋಟೆ ಮಾರುವವರೂ ಎಲ್ಲರಿಗೂ ಹೇಳುವುದಿಲ್ಲ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ಎಷ್ಟೋ ಕೋವಿಗಳ ತೋಟೆಮನೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗಿನ ತೋಟೆ ಸಾಮಾನ್ಯವಾಗಿ 70. ಬಾಯಿ ಮಡಚಿರುವುದರಿಂದ 70ರ ತೋಟೆ 65ರ ಮನೆಯೊಳಗೆ ಆರಾಮಾಗಿ ಕೂರುತ್ತದೆ. ಈಡು ಹಾರಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗೆ ಒತ್ತಡ ಏರುತ್ತದೆ. "ಕೂತಿತು ಅಂದ್ರೆ ಸರಿ ಅಂತಲ್ಲ, ಅಳತೆ ಮಾಡ್ಸಿ" ಎನ್ನುತ್ತಾರೆ ಮೆಕ್ಯಾನಿಕ್.

ಮೂಡಿಗೆರೆಯ ಕೋವಿಯನ್ನು ಹೀಗೆ ನೋಡಿದಾಗ ಬಲನಳಿಗೆ ಚೆನ್ನಾಗಿತ್ತು, ಎಡದಲ್ಲಿ ಗುಳಿ. ಒಂದು ಲಕ್ಷ ಐವತ್ತೈದು ಸಾವಿರಕ್ಕೆ ಇಳಿಯಿತು. ಕೊಳ್ಳುವವನು ಮಾತ್ರ "ಗುಳಿ ಇದ್ರೂ ಇರ್ಲಿ, ಗೋಡೆ ಮೇಲಾದ್ರೂ ಇರುತ್ತೆ" ಎಂದ. ಗೋಡೆಗೂ ಲೈಸೆನ್ಸ್ ಬೇಕು ಮಾರಾಯ ಎಂದು ಅವನಿಗೆ ಹೇಳಬೇಕಾಯಿತು.

ಐದು ಈಡಿನದ್ದಾದರೆ ದೆಹಲಿಗೇ

ಇದೇ ಜಿಲ್ಲೆಯ ಇನ್ನೊಂದು ಹಳೇ ತೋಟದ ಮನೆಯಲ್ಲಿರುವುದು ಬೆಲ್ಜಿಯಂನ ಬ್ರೌನಿಂಗ್. ಜನ ಬಾಯಲ್ಲಿ 'ಐದು ಈಡಿನ ಕೋವಿ'. ಅರೆ ಸ್ವಯಂಚಾಲಿತ: ಕುದುರೆ ಎಳೆದಷ್ಟು ಸಲ ಒಂದೊಂದೇ ಈಡು, ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುತ್ತದೆ. ಈಡು ಹಾರಿದಾಗ ಇಡೀ ನಳಿಗೆಯೇ ಹಿಂದಕ್ಕೆ ಸರಿಯುತ್ತದೆ. ಆ ಏಟು ತಡೆಯಲು ಒಳಗೆ ಬಳೆಗಳಿವೆ. ಹಗುರ ತೋಟೆಗೆ ಒಂದು ಜೋಡಣೆ, ಭಾರದ ತೋಟೆಗೆ ಇನ್ನೊಂದು. ತಪ್ಪಾಗಿ ಜೋಡಿಸಿದರೆ ಒಂದೋ ತೋಟೆ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಹೆಗಲಿಗೂ ಕೋವಿಗೂ ಪೆಟ್ಟು. ಇಂಥದ್ದನ್ನು ಕೊಳ್ಳುವವರು ಬಿಚ್ಚಿಸಿ ಬಳೆ ನೋಡದೆ ಹಣ ಎಣಿಸಬಾರದು.

ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಸಾಮಾನ್ಯ ಜೋಡುನಳಿಗೆಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡಬಹುದು. ಅರೆ ಸ್ವಯಂಚಾಲಿತ ಕೋವಿ ನಿಯಮಗಳ ಪ್ರಕಾರ ಬೇರೆ ವರ್ಗ. ಅದರ ಲೈಸೆನ್ಸ್ ಕೇಂದ್ರ ಗೃಹ ಇಲಾಖೆಯದ್ದು. ಡಿಸಿ ಕಚೇರಿ ಗುಮಾಸ್ತರ ಕೈಕಾಲು ಹಿಡಿದು ಪ್ರಯೋಜನವಿಲ್ಲ. ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷವಾದರೆ ಬದುಕಿರುವಾಗಲೇ ವಾರಸುದಾರನೊಬ್ಬನನ್ನು ಹೆಸರಿಸಿ ವರ್ಗಾವಣೆ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಯಜಮಾನರಿಗೆ ಇದು ಗೊತ್ತು. ಗಂಡುಮಕ್ಕಳಿಬ್ಬರಲ್ಲಿ ಯಾರ ಹೆಸರು ಬರೆಯುವುದೆಂದು ತಿಳಿಯದೆ ಸುಮ್ಮನಿದ್ದಾರೆ.

ಎರಡರ ಮೇಲೆ ಮೂರನೆಯದಿಲ್ಲ

ಒಬ್ಬರಿಗೆ ಮೂರು ಕೋವಿ ಎಂಬ ಮಿತಿ 2019ರಲ್ಲಿ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತ ಎಂದರೂ ಲೆಕ್ಕಕ್ಕೆ ಬರುತ್ತದೆ. ನಮ್ಮ ದಿನಸಿ ಅಂಗಡಿಯವನಿಗೆ ಬೆಳೆ ರಕ್ಷಣೆಯ ಒಂಟಿನಳಿಗೆ ಒಂದೇ ಇದ್ದದ್ದರಿಂದ ಬಚಾವ್. "ಕೊಡಗಿನೋರಿಗೆ ಲೈಸೆನ್ಸೇ ಬೇಡವಲ್ಲ, ನಮಗ್ಯಾಕೆ?" ಎಂದು ಅವನ ಪ್ರಶ್ನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು ನಿಜ. ಅದು ನಮ್ಮ ಜಿಲ್ಲೆಯ ತೋಟದವರಿಗೆ ಅನ್ವಯಿಸದು.

ಖಾಸಗಿಯಾಗಿ ಮಾರುವುದಕ್ಕೂ ಕ್ರಮವಿದೆ. ಕೊಳ್ಳುವವನ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ತಿಳಿಸಬೇಕು. ಆಮೇಲೆ ಕನಿಷ್ಠ 45 ದಿನ ಕಾಯಬೇಕು. ಠೇವಣಿ ಇಟ್ಟ ಕೋವಿಯನ್ನು ನಿಗದಿತ ಅವಧಿಯೊಳಗೆ ಬಿಡಿಸಿಕೊಳ್ಳದೆ, ಮಾರದೆ ಬಿಟ್ಟರೆ ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಅಜ್ಜನ ನೆನಪು ಮಾಲ್‌ಖಾನೆಯ ಮೂಲೆಯಲ್ಲಿ ತುಕ್ಕು ಹಿಡಿಯುವುದು ಹೀಗೆಯೇ. ಚುನಾವಣೆ ಬಂದಾಗಲೆಲ್ಲ ಕೋವಿ ಠೇವಣಿ ಇಟ್ಟು ಮಳೆಗಾಲ ಕಳೆದು ಬಿಡಿಸಿಕೊಂಡವರಿಗೆ ಆ ತುಕ್ಕಿನ ಪರಿಚಯ ಚೆನ್ನಾಗಿದೆ.

ಹೆಡ್ ಕಾನ್ಸ್‌ಟೇಬಲ್ ಮಾತು ಕೇಳಿ ಹುಡುಗರು ಮೂಡಿಗೆರೆಯ ಕೋವಿಯನ್ನು ಅಂದೇ ಠಾಣೆಗೊಪ್ಪಿಸಿ ರಸೀದಿ ಪಡೆದಿದ್ದಾರೆ. ಎರಡನೇ ಕೋವಿಯನ್ನು ಲೈಸೆನ್ಸಿಗೆ ಸೇರಿಸಿಕೊಡಿ ಎಂಬ ಅರ್ಜಿ ಡಿಸಿ ಕಚೇರಿಯಲ್ಲಿದೆ, ಪೊಲೀಸ್ ವರದಿ ಬರಬೇಕು. ಬೆಂಗಳೂರು ಅಣ್ಣ ಉಳಿದ ಮೂವತ್ತೈದು ಸಾವಿರಕ್ಕೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಾನೆ. ದೊಡ್ಡಮ್ಮ ತೋಟೆ ಸಿಕ್ಕಿಸುವ ಚರ್ಮದ ಬೆಲ್ಟನ್ನು ಮಾತ್ರ ಯಾರಿಗೂ ಕೊಡುವುದಿಲ್ಲ ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ.