ಕೆಲಸ ಬಿಡುವಾಗಿನ ರಜಾ ವೇತನ

ಕೆಲಸ ಬಿಡುವಾಗಿನ ರಜಾ ವೇತನ ಎಂದರೆ ಕಾರ್ಮಿಕರು ದುಡಿದು ಗಳಿಸಿ, ಬಳಸದೆ ಉಳಿಸಿಕೊಂಡ ವಾರ್ಷಿಕ ರಜೆಗೆ ಬದಲಾಗಿ ಉದ್ಯೋಗ ಕೊನೆಗೊಂಡಾಗ ಅವರಿಗೆ ಸಲ್ಲಬೇಕಾದ ಹಣ. ಮಂಗಳೂರಿನ ಗೇರುಬೀಜ ಕಾರ್ಖಾನೆ, ಬೀಡಿ ಉದ್ಯಮ, ಹೋಟೆಲು, ಬಟ್ಟೆ ಅಂಗಡಿ ಮೊದಲಾದೆಡೆ ಕೆಲವೇ ತಿಂಗಳು ದುಡಿದು ಬಿಡುವವರು ಉಂಟು. ವರ್ಷ ತುಂಬದವರಿಗೆ ರಜೆಯ ಹಣವಿಲ್ಲ ಎಂಬ ತಿಳಿವಳಿಕೆಯಿಂದ ಇಂಥವರು ಈ ಹಣವನ್ನು ಕೇಳದೆಯೇ ಹೋಗುವ ಸಂಭವವಿದೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ.

ಕಾನೂನಿನ ಹಿನ್ನೆಲೆ

1948ರ ಕಾರ್ಖಾನೆಗಳ ಕಾಯಿದೆಯ 79ನೆಯ ಪ್ರಕರಣದ ಪ್ರಕಾರ, ಕ್ಯಾಲೆಂಡರ್ ವರ್ಷವೊಂದರಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಗಳ ಕೆಲಸಕ್ಕೆ ಒಂದು ದಿನದಂತೆ ವೇತನಸಹಿತ ರಜೆ ದೊರೆಯುತ್ತಿತ್ತು. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯಿದೆಯೂ ವಯಸ್ಕರಿಗೆ ಇದೇ ದರವನ್ನು ಗೊತ್ತುಪಡಿಸಿ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ತನ್ನ ವ್ಯಾಪ್ತಿಗೆ ತಂದಿತು. ಇದನ್ನು ಪ್ರಶ್ನಿಸಿ ಬೀಡಿ ಉದ್ಯಮಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಒಕ್ಕೂಟದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಕಾಯಿದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು.

ಈ ಎರಡೂ ಕಾಯಿದೆಗಳ ಸ್ಥಾನವನ್ನು ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಪಡೆದಿದೆ. ಇದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಅಂಗಡಿ, ಹೋಟೆಲುಗಳಿಗೆ ಸಂಬಂಧಿಸಿದಂತೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ಪ್ರತ್ಯೇಕವಾಗಿದ್ದು, ಅದರಲ್ಲಿಯೂ ವಯಸ್ಕರಿಗೆ 20 ದಿನಕ್ಕೆ ಒಂದು ದಿನ ರಜೆಯಿದೆ.

ರಜೆ ಪಡೆಯುವ ಅರ್ಹತೆ ಮತ್ತು ಹಣ ಪಡೆಯುವ ಹಕ್ಕು

ಇವೆರಡೂ ಬೇರೆ ಬೇರೆ. ಕೆಲಸದಲ್ಲಿದ್ದುಕೊಂಡೇ ರಜೆ ಪಡೆಯಲು ಸಂಹಿತೆಯ 32ನೆಯ ಪ್ರಕರಣದಂತೆ ವರ್ಷದಲ್ಲಿ 180 ದಿನ ದುಡಿದಿರಬೇಕು. (ವರ್ಷದ ನಡುವೆ ಸೇರಿದವರು ಉಳಿದ ದಿನಗಳ ನಾಲ್ಕನೆಯ ಒಂದು ಭಾಗ ದುಡಿದಿದ್ದರೆ ಸಾಕು.) ಆದರೆ ಕೆಲಸ ಬಿಟ್ಟವರು, ಬಿಡುಗಡೆ ಹೊಂದಿದವರು ಅಥವಾ ವಜಾಗೊಂಡವರು ಈ ಅವಧಿಯನ್ನು ಪೂರೈಸಿರದಿದ್ದರೂ ದುಡಿದ ದಿನಗಳ ಲೆಕ್ಕದಲ್ಲಿ ರಜಾ ವೇತನಕ್ಕೆ ಹಕ್ಕುದಾರರು. ಕಾರ್ಖಾನೆಗಳ ಕಾಯಿದೆಯಲ್ಲಿಯೂ ಇದೇ ನಿಯಮವಿತ್ತು. ಈ ಹಣವನ್ನು ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ಕಾರ್ಮಿಕರು ನಿವೃತ್ತರಾದರೆ ಅವರಿಗೆ, ಮೃತಪಟ್ಟರೆ ವಾರಸುದಾರರಿಗೆ ಅಥವಾ ನಾಮನಿರ್ದೇಶಿತರಿಗೆ ಎರಡು ತಿಂಗಳೊಳಗೆ ಸಲ್ಲಬೇಕು.

ಲೆಕ್ಕ ಹಾಕುವ ಬಗೆ

ನಿಜವಾಗಿ ದುಡಿದ ದಿನಗಳನ್ನು 20ರಿಂದ ಭಾಗಿಸಬೇಕು. ವಾರದ ರಜೆಗಳು ಈ ಎಣಿಕೆಗೆ ಸೇರುವುದಿಲ್ಲ. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಒಂದು ಪೂರ್ಣ ದಿನವೆಂದು ಪರಿಗಣಿಸಿ, ಅದಕ್ಕಿಂತ ಕಡಿಮೆಯದನ್ನು ಬಿಡಲಾಗುತ್ತದೆ.

ಉದಾಹರಣೆಗೆ, ಹತ್ತಕ್ಕಿಂತ ಹೆಚ್ಚು ಮಂದಿ ದುಡಿಯುವ ಗೇರುಬೀಜ ಕಾರ್ಖಾನೆಯೊಂದಕ್ಕೆ ಜೂನ್ ಆರಂಭದಲ್ಲಿ ಸೇರಿದ ಮಹಿಳೆಯೊಬ್ಬರು ಸೆಪ್ಟೆಂಬರ್ ಮಧ್ಯದಲ್ಲಿ ಕೆಲಸ ಬಿಟ್ಟರೆಂದು ಭಾವಿಸೋಣ. ಅವರು ದುಡಿದದ್ದು 92 ದಿನ. ದಿನದ ವೇತನ 600 ರೂಪಾಯಿ. 92ನ್ನು 20ರಿಂದ ಭಾಗಿಸಿದರೆ 4.6, ಅಂದರೆ 5 ದಿನ. ಸಲ್ಲಬೇಕಾದ ಹಣ 3,000 ರೂಪಾಯಿ. ಅವರು ಈಗಾಗಲೇ ಎರಡು ದಿನ ವೇತನಸಹಿತ ವಾರ್ಷಿಕ ರಜೆ ಪಡೆದಿದ್ದರೆ ಉಳಿಯುವುದು ಮೂರು ದಿನ, ಅಂದರೆ 1,800 ರೂಪಾಯಿ.

ಹಬ್ಬದ ರಜೆಗಳೊಂದಿಗೆ ವ್ಯತ್ಯಾಸ

ಗಣರಾಜ್ಯೋತ್ಸವ, ಕಾರ್ಮಿಕ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ ಹಾಗೂ ಹಬ್ಬಗಳ ರಜೆಗಳು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ರಾಜ್ಯದ 1963ರ ಕಾಯಿದೆಗೆ ಸೇರಿದವು. ಇವು ದುಡಿಮೆಯಿಂದ ಕೂಡಿಬರುವ ರಜೆಗಳಲ್ಲ. ಆದ್ದರಿಂದ ಕೆಲಸ ಬಿಡುವವರು ಮುಂದೆ ಬರಲಿರುವ ಹಬ್ಬದ ರಜೆಗೆ ಹಣ ಕೇಳುವಂತಿಲ್ಲ.

ವ್ಯಾಪ್ತಿ ಮತ್ತು ದಾಖಲೆಗಳು

ವ್ಯವಸ್ಥಾಪಕರು ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಅವರ ರಜೆಯನ್ನು ನೇಮಕಾತಿ ಕರಾರು ಅಥವಾ ಅನ್ವಯವಾಗುವ ಇತರ ಕಾಯಿದೆ ನಿರ್ಧರಿಸುತ್ತದೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಕಡಿಮೆ ಸೌಲಭ್ಯ ಕೊಡುವಂತಿಲ್ಲವೆಂದು ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಹೇಳುತ್ತದೆ.

ದುಡಿದ ದಿನಗಳ ಬಗ್ಗೆ ವಿವಾದ ಉಂಟಾದಾಗ ಹಾಜರಾತಿ ಪುಸ್ತಕ, ವೇತನ ಚೀಟಿ ಮತ್ತು ನೇಮಕಾತಿ ಪತ್ರ ಆಧಾರವಾಗುತ್ತವೆ. ನೇಮಕಾತಿ ಪತ್ರ ಮತ್ತು ವೇತನ ಚೀಟಿ ನೀಡುವುದು ಮಾಲೀಕರ ಕರ್ತವ್ಯ. ಲೆಕ್ಕವನ್ನು ಲಿಖಿತವಾಗಿ ಕೇಳಿದರೂ ಹಣ ಸಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ದೂರು ನೀಡಬಹುದು.