ಸ್ಲೈಡಿನ ಶೀರ್ಷಿಕೆ ಮಾತು ಕೇಳದಿದ್ದಾಗ

ಪ್ರೆಸೆಂಟೇಷನ್ ಸಿದ್ಧವಾಗಿದೆ. ಆದರೆ ಒಂದು ಸ್ಲೈಡಿನಲ್ಲಿ ಶೀರ್ಷಿಕೆ ಕೊಂಚ ಕೆಳಗಿದೆ, ಮುಂದಿನದರಲ್ಲಿ ಅಕ್ಷರ ಚಿಕ್ಕದಾಗಿದೆ, ಮತ್ತೊಂದರಲ್ಲಿ ಬಣ್ಣವೇ ಬೇರೆ. ಹೆಚ್ಚಿನವರು ಮೌಸ್ ಹಿಡಿದು ಒಂದೊಂದನ್ನೇ ಎಳೆದು ಸರಿಮಾಡಲು ಕೂರುತ್ತಾರೆ. ಹಾಗೆ ಎಳೆದಷ್ಟೂ ಕೆಲಸ ಕೆಡುತ್ತದೆ. ಯಾಕೆಂದು ತಿಳಿಯಲು ಪವರ್‌ಪಾಯಿಂಟಿನ ಒಳಗಿನ ಏರ್ಪಾಡನ್ನು ಸ್ವಲ್ಪ ನೋಡಬೇಕು.

ಅಲ್ಲಿ ಮೂರು ಹಂತಗಳಿವೆ. ಮೇಲೆ ಸ್ಲೈಡ್ ಮಾಸ್ಟರ್, ಅದರ ಅಡಿಯಲ್ಲಿ ಬಗೆಬಗೆಯ ಲೇಔಟ್‌ಗಳು, ಕೊನೆಗೆ ನಮ್ಮ ಸ್ಲೈಡು. ಶೀರ್ಷಿಕೆ ಎಲ್ಲಿ ಕೂರಬೇಕು, ಯಾವ ಫಾಂಟ್, ಎಷ್ಟು ಗಾತ್ರ ಎಂಬುದು ಮಾಸ್ಟರಿನಲ್ಲಿ ನಿರ್ಧಾರವಾಗುತ್ತದೆ. ಲೇಔಟ್ ಅದನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಸ್ಲೈಡಿನಲ್ಲಿ ಶೀರ್ಷಿಕೆ ಬರೆಯಲು ಕೊಟ್ಟಿರುವ ಚೌಕ, ಅಂದರೆ ಪ್ಲೇಸ್‌ಹೋಲ್ಡರ್, ಮೇಲಿನವರು ಹೇಳಿದ್ದನ್ನು ಪಾಲಿಸುತ್ತದೆ. ಆದರೆ ನಾವು ಅದನ್ನು ಕೈಯಾರೆ ಸರಿಸಿದರೆ ಅಥವಾ ಬಣ್ಣ ಬದಲಿಸಿದರೆ, ಆ ಬದಲಾವಣೆಗೇ ಹೆಚ್ಚಿನ ಬೆಲೆ. ಆಮೇಲೆ ಮಾಸ್ಟರಿನಲ್ಲಿ ಅದನ್ನೇ ತಿದ್ದಿದರೂ ಆ ಸ್ಲೈಡು ಕಿವಿಗೊಡುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು, ಅದು ನಿಜವಾಗಿ ಶೀರ್ಷಿಕೆಯೇ ಎಂಬುದನ್ನು. ವ್ಯೂ ಟ್ಯಾಬಿನಲ್ಲಿ ಔಟ್‌ಲೈನ್ ವ್ಯೂ ಒತ್ತಿ. ಎಡಗಡೆಯ ಪಟ್ಟಿಯಲ್ಲಿ ಸ್ಲೈಡಿನ ಸಂಖ್ಯೆ ಇದ್ದು ಮುಂದೆ ಖಾಲಿ ಇದ್ದರೆ, ಯಾರೋ ಟೆಕ್ಸ್ಟ್ ಬಾಕ್ಸ್ ಹಾಕಿ ದಪ್ಪಕ್ಷರದಲ್ಲಿ ಬರೆದಿದ್ದಾರೆ ಎಂದೇ ಅರ್ಥ. ನೋಡುವವರ ಕಣ್ಣಿಗೆ ಅದು ಶೀರ್ಷಿಕೆ, ತಂತ್ರಾಂಶಕ್ಕೆ ಬರೀ ಒಂದು ಡಬ್ಬಿ. ಆಲ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಬರುವ ಸೆಲೆಕ್ಷನ್ ಪೇನ್‌ನಲ್ಲೂ ಇದು ಗೊತ್ತಾಗುತ್ತದೆ: ಹೆಸರನ್ನು ಯಾರೂ ಬದಲಿಸಿರದಿದ್ದರೆ ಒಂದರ ಹೆಸರಿನಲ್ಲಿ ‘ಟೈಟಲ್’ ಎಂದಿರುತ್ತದೆ, ಇನ್ನೊಂದರಲ್ಲಿ ‘ಟೆಕ್ಸ್ಟ್‌ಬಾಕ್ಸ್’. ಹೋಮ್ ಟ್ಯಾಬಿನ ಲೇಔಟ್ ಗುಂಡಿಯಿಂದ ಶೀರ್ಷಿಕೆಯಿರುವ ಲೇಔಟನ್ನು ಮತ್ತೆ ಆರಿಸಿ, ಬರಹವನ್ನು ಕತ್ತರಿಸಿ ಅದರ ಚೌಕಕ್ಕೆ ಅಂಟಿಸಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸಿ ಸ್ಲೈಡುಗಳನ್ನು ಗುರುತಿಸುವುದೂ ಈ ಶೀರ್ಷಿಕೆಗಳಿಂದಲೇ. ಇಷ್ಟು ಶ್ರಮ ಪಡಲು ಅದೊಂದೇ ಕಾರಣ ಸಾಕು.

ಶೀರ್ಷಿಕೆ ಅಸಲಿಯೇ ಆಗಿದ್ದು ಜಾಗ ತಪ್ಪಿದ್ದರೆ, ಲೇಔಟ್ ಪಕ್ಕದಲ್ಲೇ ರೀಸೆಟ್ ಇದೆ. ಕೈಯಾರೆ ಮಾಡಿದ ಬದಲಾವಣೆಗಳನ್ನು ಅದು ಅಳಿಸುತ್ತದೆ. ಬರಹ ಹಾಗೇ ಉಳಿಯುತ್ತದೆ.

ಆದರೆ ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ಫೈಲುಗಳು ಕಚೇರಿ, ಶಾಲೆಗಳಲ್ಲಿ ಇಂದಿಗೂ ಓಡಾಡುತ್ತಿವೆ. ಅವುಗಳ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಫಾಂಟ್ ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತದೆ. ರೀಸೆಟ್ ಒತ್ತಿದ ಕೂಡಲೇ ಥೀಮಿನ ಫಾಂಟ್ ಬಂದು, ಶೀರ್ಷಿಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗುತ್ತದೆ. ಗಾಬರಿಯಾಗದೆ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಬನ್ನಿ, ಪರಿವರ್ತಕದಿಂದ ಬರಹವನ್ನು ಯೂನಿಕೋಡ್‌ಗೆ ತಂದು ಆಮೇಲೆ ರೀಸೆಟ್ ಮಾಡಿ.

ಇನ್ನೊಂದು ತೊಂದರೆ ಯೂನಿಕೋಡ್‌ನಲ್ಲೂ ತಪ್ಪದು. 2013ರಿಂದ ಬಂದ ಆಫೀಸ್ ಥೀಮಿನಲ್ಲಿ ಶೀರ್ಷಿಕೆಯ ಸಾಲುಗಳ ಅಂತರ 0.9. ಇಂಗ್ಲಿಷಿಗೆ ಅದು ಸರಿ. ಕನ್ನಡದ ಶೀರ್ಷಿಕೆ ಎರಡು ಸಾಲಿಗೆ ಹರಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯಬಹುದು. ಸ್ಲೈಡ್ ಮಾಸ್ಟರಿಗೆ ಹೋಗಿ, ಎಡಗಡೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಮೊದಲ ಚಿತ್ರವನ್ನು ಆರಿಸಿ, ಅದರಲ್ಲಿನ ಶೀರ್ಷಿಕೆಯ ಚೌಕವನ್ನು ಒತ್ತಿ, ಪ್ಯಾರಾಗ್ರಾಫ್ ಕಿಟಕಿಯಲ್ಲಿ ಸಾಲುಗಳ ಅಂತರವನ್ನು 1 ಅಥವಾ 1.1 ಮಾಡಿ. ಬೇರೆ ಲೇಔಟ್‌ಗಳು ಆ ಅಂತರವನ್ನು ತಾವಾಗಿ ಬದಲಿಸಿಕೊಂಡಿಲ್ಲದಿದ್ದರೆ ಎಲ್ಲ ಸ್ಲೈಡುಗಳೂ ಒಂದೇ ಸಲ ಸರಿಯಾಗುತ್ತವೆ. ಶೀರ್ಷಿಕೆಯ ಗಾತ್ರ ಸ್ಲೈಡಿನಿಂದ ಸ್ಲೈಡಿಗೆ ಬದಲಾಗುವುದಕ್ಕೂ ಉದ್ದವೇ ಕಾರಣ: ಚೌಕದಲ್ಲಿ ಹಿಡಿಸದಿದ್ದಾಗ ಆಟೋಫಿಟ್ ಅಕ್ಷರವನ್ನು ತಾನೇ ಕುಗ್ಗಿಸುತ್ತದೆ. ಆಟೋಫಿಟ್ ನಿಲ್ಲಿಸಬಹುದು. ನನ್ನ ಮಟ್ಟಿಗೆ ಶೀರ್ಷಿಕೆಯನ್ನೇ ಮೊಟಕುಗೊಳಿಸುವುದು ಉತ್ತಮ.

ಬೇರೆಯವರ ಸ್ಲೈಡುಗಳನ್ನು ಮೂಲದ ಶೈಲಿಯಲ್ಲೇ ಅಂಟಿಸಿದಾಗ ಅವರ ಮಾಸ್ಟರ್ ಕೂಡ ಜೊತೆಗೆ ಬರುತ್ತದೆ. ನಾವು ಒಂದು ಮಾಸ್ಟರ್ ತಿದ್ದಿ, ಅರ್ಧ ಸ್ಲೈಡು ಮಾತ್ರ ಯಾಕೆ ಬದಲಾಯಿತು ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ. ಅಂಟಿಸುವಾಗ ನಮ್ಮ ಥೀಮನ್ನು ಬಳಸುವ ಆಯ್ಕೆ ಒತ್ತಿದರೆ ಈ ಗೋಜು ಬರುವುದಿಲ್ಲ.

ಗೂಗಲ್ ಸ್ಲೈಡ್ಸ್‌ನಲ್ಲಿ ಇದೇ ಕೆಲಸಕ್ಕೆ ಥೀಮ್ ಬಿಲ್ಡರ್ ಇದೆ. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ವ್ಯೂ ಮೆನುವಿನಿಂದ ಮಾಸ್ಟರಿಗೆ ಹೋಗಬಹುದು. ಹಳೆಯ 4:3 ಫೈಲನ್ನು 16:9ಕ್ಕೆ ತಿರುಗಿಸುವುದಿದ್ದರೆ ಈ ರಿಪೇರಿಗಳಿಗೆಲ್ಲ ಮೊದಲೇ ತಿರುಗಿಸಿಬಿಡಿ; ಆಮೇಲೆ ಗಾತ್ರ ಬದಲಿಸಿದರೆ ಲೇಔಟ್‌ಗಳನ್ನೆಲ್ಲ ಮತ್ತೊಮ್ಮೆ ನೋಡಬೇಕಾಗುತ್ತದೆ.